ಸೋನೋಗ್ರಫಿಯ ಊರು, ಸ್ಕ್ಯಾನಿಂಗಿನ ಊರು

ಡೊಂಬಿವಿಲಿಯಿಂದ ಬೆಳಿಗ್ಗೆ ಹೊರಡುವ ಲೋಕಲ್‌ನಲ್ಲಿ ನಮ್ಮದೊಂದು ಗುಂಪಿದೆ. ಮೊನ್ನೆ ಅಲ್ಲಿ ಒಬ್ಬರು, ಮಗನಿಗೆ ಬಡ್ತಿ ಸಿಕ್ಕ ಧಾಟಿಯಲ್ಲಿ, ತಮ್ಮ ಲಿವರಿನ ಕೊಬ್ಬು ‘ಗ್ರೇಡ್ ಟು’ ಎಂದರು. ‘ನನ್ನದು ಇನ್ನೂ ವನ್’ ಎಂದು ಪಕ್ಕದವರು ಸಮಾಧಾನಪಟ್ಟುಕೊಂಡರು. ಮುಂಬಯಿಯಲ್ಲಿ ವರ್ಷಕ್ಕೊಮ್ಮೆ ಪ್ಯಾಕೇಜ್ ತಪಾಸಣೆ, ಅದರಲ್ಲೊಂದು ಹೊಟ್ಟೆಯ ಸೋನೋಗ್ರಫಿ. ಊರಿನಲ್ಲಿ ಇದೇ ಪರೀಕ್ಷೆಗೆ ಸ್ಕ್ಯಾನಿಂಗ್ ಎಂದು ಹೆಸರು. ಅದು ಬಸುರಿಯರದ್ದು. ಗಂಡಸು ಹೋದನೆಂದರೆ ಜನ ಒಮ್ಮೆ ತಿರುಗಿ ನೋಡುತ್ತಾರೆ.

ಕುಂದಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಲಿವರ್ ಎಂದರೆ ಕಾಮಾಲೆ, ಇಲ್ಲವೇ ಕುಡಿತ. ಮೊದಲನೆಯದಕ್ಕೆ ನೆಲನೆಲ್ಲಿ, ಎರಡನೆಯದಕ್ಕೆ ಪಿಸುಮಾತು. ನನ್ನ ಭಾವ ಒಂದು ಹನಿ ಮುಟ್ಟಿದವರಲ್ಲ. ಎರಡು ಹೊತ್ತು ತುಂಬು ಅನ್ನ, ಸಂಜೆ ಸಿಹಿ ಚಹಾ, ಐವತ್ತರ ನಂತರ ಸಕ್ಕರೆ ಕಾಯಿಲೆ, ಅಷ್ಟೇ. ಕಳೆದ ವರ್ಷ ನಮ್ಮ ಮನೆಗೆ ಬಂದಾಗ ಅವರನ್ನೂ ತಪಾಸಣೆಗೆ ಕರೆದೊಯ್ದೆ. ವೈದ್ಯರು ಚೀಟಿಯಲ್ಲಿ ‘ನಾನ್ ಆಲ್ಕೊಹಾಲಿಕ್ ಫ್ಯಾಟಿ ಲಿವರ್’ ಎಂದು ಬರೆದರು. ಭಾವನ ಕಣ್ಣಿಗೆ ಬಿದ್ದದ್ದು ನಡುವಿನ ಪದ ಮಾತ್ರ. ಆ ಕಾಗದ ಊರಿಗೆ ಹೋಗಿ ಹಳೆಯ ಪಂಚಾಂಗಗಳ ನಡುವೆ ಅಡಗಿ ಕುಳಿತಿತು. ಹೆಸರಿನಲ್ಲಿರುವ ಈ ಕಳಂಕ ತಜ್ಞರಿಗೂ ಕಾಡಿರಬೇಕು. 2023ರಲ್ಲಿ ಹೆಸರು ಬದಲಿಸಿ ಮದ್ಯದ ಮಾತನ್ನೇ ತೆಗೆದು, ಚಯಾಪಚಯದ ಏರುಪೇರಿನಿಂದ ಬರುವ ಕಾಯಿಲೆ ಎಂದರು. ಹೊಸ ಹೆಸರು ನಮ್ಮ ತಾಲ್ಲೂಕಿಗೆ ಇನ್ನೂ ಬಸ್ಸು ಹತ್ತಿಲ್ಲ.

ಮುಚ್ಚಿಡುವುದು ತಪ್ಪು, ಒಪ್ಪುತ್ತೇನೆ. ಆದರೆ ನನ್ನ ತಕರಾರು ಹೆಚ್ಚು ಇರುವುದು ಮುಂಬಯಿಯ ಮೇಲೆ. ನಾವಿಲ್ಲಿ ಚಿತ್ರವನ್ನು ದೇವರ ಪಟದಂತೆ ನಂಬುತ್ತೇವೆ. ಸೋನೋಗ್ರಫಿಯಲ್ಲಿ ವೈದ್ಯರು ನೋಡುವುದು ಹೊಳಪನ್ನು. ಕೊಬ್ಬು ತುಂಬಿದ ಲಿವರ್ ಪಕ್ಕದ ಬಲ ಮೂತ್ರಪಿಂಡಕ್ಕಿಂತ ಬೆಳ್ಳಗೆ ಕಾಣುತ್ತದೆ. ಒಳಗಿನ ರಕ್ತನಾಳಗಳ ಅಂಚು ಮಸುಕಾದರೆ ಎರಡನೆಯ ಗ್ರೇಡ್, ಹಿಂದಿನ ವಪೆಯೂ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯೂ, ಕಾಣದಾದರೆ ಮೂರನೆಯದು. ಇದು ಕಣ್ಣಳತೆ. ಒಂದು ಕಡೆ ನನಗೆ ಗ್ರೇಡ್ ವನ್ ಬಂದಿತ್ತು. ಆರು ತಿಂಗಳ ನಂತರ ಇನ್ನೊಂದು ಕಡೆ ಗ್ರೇಡ್ ಟು, ತೂಕ ಅಷ್ಟೇ ಇದ್ದರೂ. ಕೊಬ್ಬು ಕಡಿಮೆಯಿದ್ದಾಗ ಈ ಚಿತ್ರ ಅದನ್ನು ಕಾಣದೆಯೂ ಬಿಡಬಹುದು. ಎಂಆರ್‌ಐ ಕೊಬ್ಬನ್ನು ಶೇಕಡಾವಾರು ಅಳೆಯುತ್ತದೆ, ಆದರೆ ಅದರ ಬೆಲೆ ಕೇಳಿದರೆ ಇದ್ದ ಕೊಬ್ಬೂ ಕರಗುತ್ತದೆ.

ಗ್ರೇಡ್ ಹೇಳುವುದು ಕೊಬ್ಬಿನ ಮಾತು. ಲಿವರಿನಲ್ಲಿ ಗಾಯದ ಕಲೆ ಬಿದ್ದಿದೆಯೇ, ಅದು ಗಟ್ಟಿಯಾಗುತ್ತಿದೆಯೇ ಎಂಬುದನ್ನು ಅದು ಹೇಳುವುದಿಲ್ಲ, ಮತ್ತು ಮುಂದಿನ ಆಪತ್ತನ್ನು ನಿರ್ಧರಿಸುವುದು ಹೆಚ್ಚಾಗಿ ಆ ಕಲೆಯೇ. ಇದನ್ನು ನನಗೆ ತಿಳಿಸಿದವರು ನಮ್ಮ ಓಣಿಯ ಹಳೆಯ ಡಾಕ್ಟರು. ಕಲೆಯನ್ನು ಅಂದಾಜಿಸುವ ಫಿಬ್-4 ಎಂಬ ಲೆಕ್ಕಕ್ಕೆ ಮಾಮೂಲಿ ರಕ್ತಪರೀಕ್ಷೆ ಸಾಕು. ಅದರಲ್ಲಿ ಎಎಸ್‌ಟಿ, ಎಎಲ್‌ಟಿ ಎಂಬ ಎರಡು ಲಿವರ್ ಕಿಣ್ವಗಳೂ ಪ್ಲೇಟ್‌ಲೆಟ್ ಎಣಿಕೆಯೂ ಇರುತ್ತವೆ: ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಅದನ್ನು ಸಾವಿರಗಳ ಲೆಕ್ಕದ ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿದಾಗ ಬರುವ ಅಂಕಿಯಿಂದ ಭಾಗಿಸುವುದು. 1.3ಕ್ಕಿಂತ ಕೆಳಗಿದ್ದರೆ ಹೆಚ್ಚಿನ ಕಲೆ ಇರುವ ಸಾಧ್ಯತೆ ಕಡಿಮೆ; 65 ದಾಟಿದವರಿಗೆ ಆ ಗಡಿ 2. ಮೀರಿದರೆ ಫೈಬ್ರೋಸ್ಕ್ಯಾನ್. ಪಕ್ಕೆಲುಬುಗಳ ನಡುವೆ ಸಣ್ಣ ತಟ್ಟು ಕೊಟ್ಟು, ಅಲೆ ಎಷ್ಟು ವೇಗವಾಗಿ ಸಾಗುತ್ತದೆ ಎಂಬುದರಿಂದ ಗಡಸುತನವನ್ನು ಕಿಲೋಪಾಸ್ಕಲ್‌ನಲ್ಲಿ ಹೇಳುವ ಯಂತ್ರ ಅದು. 8ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ನಿರಾಳ. ಕನಿಷ್ಠ ಮೂರು ಗಂಟೆ ಖಾಲಿ ಹೊಟ್ಟೆ ಬೇಕು. ಊಟದ ನಂತರ ಅಳೆದರೆ ಅಂಕಿ ಏರುತ್ತದೆ. ನಾನು ವಡಾಪಾವ್ ತಿಂದು ಹೋಗಿ ವಾಪಸಾದವನು.

ಊರಿನ ಡಾಕ್ಟರು ಚಿತ್ರ ಬರೆಸುವ ಮೊದಲು ಅನ್ನದ ಪ್ರಮಾಣ ಕೇಳುತ್ತಾರೆ, ಸೊಂಟದ ಸುತ್ತಳತೆ ತೆಗೆಯುತ್ತಾರೆ. ಇಲ್ಲಿ ನನ್ನನ್ನು ಟೇಪಿನಿಂದ ಯಾರೂ ಅಳೆದದ್ದಿಲ್ಲ.

ದೀಪಾವಳಿಗೆ ಹೋದಾಗ ಭಾವ ಬಾವಿಕಟ್ಟೆಯ ಬಳಿ ಕರೆದು ತಗ್ಗಿದ ದನಿಯಲ್ಲಿ ಕಾಗದ ತೋರಿಸಿದರು. ವಯಸ್ಸು 58, ಎಎಸ್‌ಟಿ 34, ಎಎಲ್‌ಟಿ 36, ಪ್ಲೇಟ್‌ಲೆಟ್ 240. ಮೊಬೈಲಿನಲ್ಲಿ ಲೆಕ್ಕ ಹಾಕಿದೆ: 1.37. ‘ಗಡಿಗಿಂತ ತುಸು ಮೇಲೆ. ಫೈಬ್ರೋಸ್ಕ್ಯಾನ್ ಮಾಡಿಸಿಬಿಡಿ ಭಾವ’ ಎಂದೆ.

‘ಮಣಿಪಾಲಕ್ಕೆ ಹೋಗುತ್ತೇನೆ. ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಕಿಡ್ನಿಯಲ್ಲಿ ಕಲ್ಲು ಎನ್ನುತ್ತೇನೆ. ನೀನೂ ಹಾಗೆಯೇ ಹೇಳು.’