ಬುಸ್ಸೆನ್ನುವ ಬಾಟಲಿಯ ಸಹವಾಸ

ಸ್ಪಾರ್ಕ್ಲಿಂಗ್ ವೈನಿನ, ಅಂದರೆ ಗುಳ್ಳೆಯೇಳುವ ವೈನಿನ, ಬಾಟಲಿ ಯಾಕೆ ಅಷ್ಟು ಭಾರ, ತಳ ಯಾಕೆ ಒಳಕ್ಕೆ ತಗ್ಗಾಗಿದೆ, ಬಿರಡೆಯ ಮೇಲೆ ತಂತಿಯ ಬೋನು ಯಾಕೆ ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಅರ್ಧ ಅನಾಹುತ ಅಲ್ಲೇ ತಪ್ಪುತ್ತಿತ್ತು. ಬೋನು ಹಾಕಿ ಮಾರುತ್ತಾರೆಂದರೆ ಒಳಗೊಂದು ಪ್ರಾಣಿ ಇದೆಯೆಂದೇ ಲೆಕ್ಕ. ಇಲ್ಲಿರುವ ಪ್ರಾಣಿಯ ಹೆಸರು ಕಾರ್ಬನ್ ಡೈಆಕ್ಸೈಡ್. ಈ ಜಾತಿಗೇ ಸೇರಿದ ಫ್ರಾನ್ಸಿನ ಶಾಂಪೇನಿನ 750 ಮಿಲಿ ಬಾಟಲಿಯಲ್ಲಿ ಅದು ಸುಮಾರು 9 ಗ್ರಾಂ ಇರುತ್ತದೆ. ಬಿಡುಗಡೆಯಾದರೆ ಹತ್ತಿರ ಹತ್ತಿರ 5 ಲೀಟರ್ ಜಾಗ ಬೇಡುತ್ತದೆ. ಒಳಗಿನ ಒತ್ತಡ 5ರಿಂದ 6 ಅಟ್ಮಾಸ್ಫಿಯರ್, ಅಂದರೆ ಕಾರಿನ ಟೈರಿನ ಎರಡು ಮೂರು ಪಟ್ಟು. ಟೈರಿಗೆ ಗಾಳಿ ತುಂಬುವಾಗ ಎರಡು ಹೆಜ್ಜೆ ಹಿಂದೆ ಸರಿಯುವ ಜನ, ಈ ಬಾಟಲಿಯ ಬಾಯಿಗೆ ಮಾತ್ರ ಮುಖ ಕೊಟ್ಟು "ಯಾಕೋ ಬರ್ತಾನೇ ಇಲ್ವಲ್ಲ" ಎಂದು ಇಣುಕುತ್ತಾರೆ.

ಮನೆಯಲ್ಲಿ ಈ ವೈನಿನ ಕಾಕ್‌ಟೇಲ್ ಮಾಡುವುದೆಂದರೆ ಆ ಗ್ಯಾಸನ್ನು ಗ್ಲಾಸಿನವರೆಗೆ ಕ್ಷೇಮವಾಗಿ ಮುಟ್ಟಿಸುವುದು, ಅಷ್ಟೇ. ದುಡ್ಡು ಕೊಟ್ಟಿರುವುದೇ ಗುಳ್ಳೆಗೆ. ಆದರೆ ಅಡುಗೆಮನೆಯಲ್ಲಿರುವ ಸಕ್ಕರೆ, ಐಸು, ಚಮಚ, ಶೇಕರು, ಜೊತೆಗೆ "ಕೊಡಿ, ನಾನು ತೆಗೀತೀನಿ" ಎಂದು ಮುಂದೆ ಬರುವ ಉತ್ಸಾಹಿ ನೆಂಟ, ಎಲ್ಲರೂ ಸೇರಿ ಅದನ್ನು ಓಡಿಸಲು ಟೊಂಕ ಕಟ್ಟಿ ನಿಂತಿರುತ್ತಾರೆ.

ಮೊದಲ ಪ್ರಮಾದ ಬಾಟಲಿ ತೆಗೆಯುವ ಮೊದಲೇ ಆಗಿಹೋಗಿರುತ್ತದೆ: ತಂಪು ಸಾಲದು. ವೈನ್ ಬೆಚ್ಚಗಿದ್ದಷ್ಟೂ ಗ್ಯಾಸನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ. 6ರಿಂದ 8 ಡಿಗ್ರಿಗೆ ಇಳಿದ ಬಾಟಲಿ ನಿಟ್ಟುಸಿರು ಬಿಟ್ಟು ತೆರೆದುಕೊಳ್ಳುತ್ತದೆ. ಮೇಜಿನ ಮೇಲೆ ಕೂತು ಬೆಚ್ಚಗಾದದ್ದು ಗುಂಡು ಹಾರಿಸುತ್ತದೆ. ಫ್ರಿಜ್ಜಿನಲ್ಲಾದರೆ ಮೂರು ನಾಲ್ಕು ಗಂಟೆ ಬೇಕು. ಅಷ್ಟು ಸಮಯವಿಲ್ಲದವರು ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು ಹಾಕಿ, ಬಾಟಲಿಯನ್ನು ಕುತ್ತಿಗೆಯವರೆಗೆ ಮುಳುಗಿಸಿ ಅರ್ಧ ಗಂಟೆ ಬಿಟ್ಟರೆ ಸಾಕು. ಬರೀ ಐಸು ತುಂಬಿದರೆ ಚಿತ್ರಕ್ಕೆ ಚೆನ್ನ, ಕೆಲಸಕ್ಕೆ ಬಾರದು. ಐಸಿನ ತುಂಡುಗಳ ನಡುವೆ ಗಾಳಿ ಕೂತಿರುತ್ತದೆ, ಗಾಳಿಗೆ ಬಾಟಲಿಯ ಬಿಸಿ ಎಳೆಯಲು ಬರುವುದಿಲ್ಲ, ನೀರಿಗೆ ಬರುತ್ತದೆ. ಇನ್ನೂ ಅವಸರವಿದ್ದರೆ ಒಂದು ಹಿಡಿ ಉಪ್ಪು ಹಾಕಿ.

ಫ್ರೀಜರಿನಲ್ಲಿಟ್ಟು ಮರೆಯುವ ಸಂಪ್ರದಾಯದ ಬಗ್ಗೆಯೂ ಒಂದು ಮಾತು. 12% ಆಲ್ಕೋಹಾಲಿನ ವೈನ್ ಸೊನ್ನೆಯಿಂದ ಐದಾರು ಡಿಗ್ರಿ ಕೆಳಗೆ ಗಟ್ಟಿಯಾಗತೊಡಗುತ್ತದೆ. ಮನೆಯ ಫ್ರೀಜರ್ ಇರುವುದು ಸೊನ್ನೆಗಿಂತ 18 ಡಿಗ್ರಿ ಕೆಳಗೆ. ನೀರು ಮಂಜಾಗುವಾಗ ಶೇಕಡ 9ರಷ್ಟು ಹಿಗ್ಗುತ್ತದೆ, ಬಾಟಲಿ ಹಿಗ್ಗುವುದಿಲ್ಲ. ಆಮೇಲೆ ಗಾಜಿನ ಚೂರು ಸೇರಿದ ಶರಬತ್ತಿನ ಮಂಜನ್ನು ಬಟಾಣಿಯ ಪೊಟ್ಟಣದ ಮೇಲಿಂದ ಕೆರೆಯುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಈಗ ತೆಗೆಯುವುದು. ತಂತಿಯ ಬೋನಿಗೆ ಒಂದು ಪುಟ್ಟ ಕಿವಿ ಇರುತ್ತದೆ; ಅದನ್ನು ಆರು ಅರ್ಧ ಸುತ್ತು ತಿರುಗಿಸಿದರೆ ಸಡಿಲವಾಗುತ್ತದೆ. ಸಡಿಲವಾದದ್ದೇ ತಡ ಬೋನು ಕಿತ್ತೆಸೆದು, ಬಿರಡೆಯನ್ನು ಅನಾಥವಾಗಿ ಬಿಟ್ಟು ಗ್ಲಾಸು ಹುಡುಕಲು ಹೋಗುವವರೇ ಹೆಚ್ಚು. ಚಾವಣಿಯಲ್ಲಿ ಗುಳಿ ಬೀಳುವುದು ಆ ಹೊತ್ತಿನಲ್ಲೇ. ಬೋನನ್ನು ಬಿರಡೆಯ ಮೇಲೇ ಬಿಡಿ, ಹಿಡಿತ ಚೆನ್ನಾಗಿ ಸಿಗುತ್ತದೆ. ಹೆಬ್ಬೆರಳು ಮೇಲಿರಲಿ, ಮೇಲೊಂದು ಬಟ್ಟೆಯಿರಲಿ, ಬಾಟಲಿ 45 ಡಿಗ್ರಿ ಓರೆಯಾಗಿ ಯಾರೂ ಇಲ್ಲದ ಕಡೆಗೆ ಮುಖ ಮಾಡಿರಲಿ. ಇನ್ನು ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ಬಿರಡೆ ತಿರುಚಿದರೆ ಅದು ಮುರಿಯಬಹುದು. ಬಾಟಲಿಯ ತಳ ಹಿಡಿದು ತಿರುಗಿಸಿದರೆ ಕೈಗೆ ಬಲವೂ ಹೆಚ್ಚು, ಹತೋಟಿಯೂ ಹೆಚ್ಚು. ಬಿರಡೆ ತಾನಾಗಿ ಮೇಲೇಳತೊಡಗಿದಾಗ ಎಳೆಯಬೇಡಿ, ಒಳಕ್ಕೆ ಒತ್ತಿ ತಡೆಯಿರಿ. 'ಢಂ' ಅನ್ನಬಾರದು, 'ಉಸ್' ಅನ್ನಬೇಕು. ಢಂ ಎಂದಾಗ ಚಪ್ಪಾಳೆ ಬೀಳುತ್ತದೆ ನಿಜ. ಉಸ್ ಎಂದಾಗ ಗ್ಲಾಸು ತುಂಬುತ್ತದೆ.

ನೊರೆ ಚಿಮ್ಮಿ ಕಾರ್ಪೆಟ್ಟು ನೆನೆದ ಮೇಲೆ "ಈ ಬಾಟಲಿಯೇ ಸರಿಯಿಲ್ಲ" ಎನ್ನುವುದುಂಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಾರಿನಲ್ಲಿ ಉರುಳಾಡಿ ಬಂದ ಬಾಟಲಿಯೊಳಗೆ ಕಣ್ಣಿಗೆ ಕಾಣದ ಪುಟ್ಟ ಗುಳ್ಳೆಗಳು ಕಲಸಿಹೋಗಿರುತ್ತವೆ. ಮುಚ್ಚಳ ತೆಗೆದ ತಕ್ಷಣ ಅವೇ ಬೀಜವಾಗಿ, ಕರಗಿದ ಗ್ಯಾಸೆಲ್ಲ ಅವುಗಳ ಹಿಂದೆ ಓಡುತ್ತದೆ. ತಂಪಿನಲ್ಲಿ ಕೆಲವು ಗಂಟೆ ನಿಲ್ಲಿಸಿಟ್ಟರೆ ಬೀಜಗಳೂ ಇಲ್ಲ, ಬೆಳೆಯೂ ಇಲ್ಲ.

ಯಾವ ಬಾಟಲಿ ತರಬೇಕು ಅನ್ನುವಲ್ಲಿ ಇನ್ನೊಂದು ಗುಂಡಿ ಕಾದಿದೆ. ಲೇಬಲ್ಲಿನಲ್ಲಿ 'ಎಕ್ಸ್‌ಟ್ರಾ ಡ್ರೈ' ಎಂದಿದ್ದರೆ ಸಿಹಿಯೇ ಇಲ್ಲದ್ದು ಎಂದು ಯಾರಾದರೂ ನಂಬುತ್ತಾರೆ. ಅಲ್ಲ. ಅದರಲ್ಲಿ ಲೀಟರಿಗೆ 12ರಿಂದ 17 ಗ್ರಾಂ ಸಕ್ಕರೆ ಇರುತ್ತದೆ. 'ಬ್ರೂಟ್' ಎಂದಿದ್ದರೆ 12 ಗ್ರಾಮಿಗಿಂತ ಕಡಿಮೆ. ಬರೀ 'ಡ್ರೈ' ಎಂದು ಬರೆದದ್ದರಲ್ಲಿ 17ರಿಂದ 32! ಈ ಹೆಸರುಗಳನ್ನು ಇಟ್ಟವರ ನಾಲಿಗೆಗೆ ಏನಾಗಿತ್ತೋ. ಕಾಕ್‌ಟೇಲಿಗೆ ಹಣ್ಣಿನ ರಸವೋ ಲಿಕರ್ ಎಂಬ ಸಿಹಿ ಮದ್ಯವೋ ಸಿರಪ್ಪೋ ಹೇಗೂ ಬೀಳುತ್ತದೆ, ಆದ್ದರಿಂದ ಬ್ರೂಟ್ ಒಂದನ್ನೇ ಕಣ್ಣುಮುಚ್ಚಿ ಹಿಡಿಯುವುದು ಕ್ಷೇಮ. ದುಬಾರಿ ಶಾಂಪೇನನ್ನು ಕಿತ್ತಳೆ ರಸಕ್ಕೆ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ವರ್ಷಗಟ್ಟಲೆ ಈಸ್ಟಿನ ಜೊತೆ ಕೂತು ಬಂದ ಅದರ ರುಚಿ ಮೊದಲ ಗುಟುಕಿನಲ್ಲೇ ಕೊಚ್ಚಿಹೋಗುತ್ತದೆ. ಹಣ್ಣು ಸೇರುವಲ್ಲಿ ಇಟಲಿಯ ಪ್ರೊಸೆಕ್ಕೊ, ಜಿನ್ನು ನಿಂಬೆ ಸೇರುವಲ್ಲಿ ಸ್ಪೇನಿನ ಕಾವಾ. ಕಾವಾ ಶಾಂಪೇನಿನಂತೆ ಬಾಟಲಿಯಲ್ಲೇ ಹುದುಗುತ್ತದೆ, ಪ್ರೊಸೆಕ್ಕೊ ಸಾಮಾನ್ಯವಾಗಿ ದೊಡ್ಡ ಟ್ಯಾಂಕಿನಲ್ಲಿ. ಪ್ರೊಸೆಕ್ಕೊದ ಒತ್ತಡ ಸ್ವಲ್ಪ ಕಡಿಮೆ, ಸ್ವಭಾವವೂ ಸ್ವಲ್ಪ ಸೌಮ್ಯ. ಹೊಸಬರಿಗೆ ಹೇಳಿ ಮಾಡಿಸಿದ್ದು.

ಗ್ಲಾಸಿನ ಮಟ್ಟಿಗೆ ಮಾತ್ರ ಒಂದು ವಿಚಿತ್ರ ನ್ಯಾಯವಿದೆ: ಅತಿ ಶುದ್ಧ ಮನೆಯಲ್ಲಿ ಗುಳ್ಳೆ ಕಾಣುವುದಿಲ್ಲ. ಗುಳ್ಳೆ ಹುಟ್ಟಲು ಒಂದು ಸಂದು ಬೇಕು. ಗ್ಲಾಸಿಗಂಟಿದ ಧೂಳಿನ ಕಣವೋ ಒರೆಸಿದ ಬಟ್ಟೆಯ ಸಣ್ಣ ನಾರೋ ಆ ಸಂದನ್ನು ಕೊಡುತ್ತದೆ. ಕಲೆಯೇ ಇಲ್ಲದ ನುಣುಪು ಗ್ಲಾಸಿನಲ್ಲಿ ವೈನ್ ಮಂಕಾಗಿ ಕೂರುತ್ತದೆ. ಇನ್ನು ಪಾತ್ರೆ ತೊಳೆಯುವ ಸೋಪಿನ ಪದರ ಉಳಿದಿದ್ದರೆ ಮೇಲಿನ ನೊರೆಯ ಕಥೆ ಮುಗಿಯಿತು. ಬಿಸಿನೀರಿನಲ್ಲಿ ಚೆನ್ನಾಗಿ ಜಾಲಿಸಿ, ಹತ್ತಿ ಬಟ್ಟೆಯಲ್ಲಿ ಒರೆಸಿಡಿ. ತಟ್ಟೆಯಂತೆ ಅಗಲವಾದ ಕೂಪ್ ಗ್ಲಾಸು ಕೈಯಲ್ಲಿದ್ದರೆ ಗತ್ತು ಬರುತ್ತದೆ, ಆದರೆ ಗ್ಯಾಸು ಬೇಗ ಹಾರುತ್ತದೆ, ನಡೆಯುವಾಗ ತುಳುಕುತ್ತದೆ. ನೀಳವಾದ ಫ್ಲೂಟ್ ಗ್ಲಾಸೇ ವಾಸಿ. ಸುರಿಯುವಾಗ ಗ್ಲಾಸನ್ನು ಓರೆ ಹಿಡಿದು ಗೋಡೆಯ ಮೇಲೆ ಜಾರಿಸಿದರೆ ಗ್ಯಾಸು ಹೆಚ್ಚು ಉಳಿಯುತ್ತದೆ.

ಸಂದಿನ ವಿಷಯ ಗೊತ್ತಾದ ಮೇಲೆ ಸಕ್ಕರೆಯ ಅನಾಹುತ ಹೇಳಬೇಕಾದ್ದೇ ಇಲ್ಲ, ಆದರೂ ಅದು ನಡೆಯುತ್ತಲೇ ಇರುತ್ತದೆ. ಯಾರೋ ಒಬ್ಬರು "ಸ್ವಲ್ಪ ಹುಳಿ ಅನ್ನಿಸ್ತಿದೆ" ಎನ್ನುತ್ತಾರೆ, ಇನ್ನೊಬ್ಬರು ಪ್ರೀತಿಯಿಂದ ಒಂದು ಚಮಚ ಸಕ್ಕರೆ ಹಾಕುತ್ತಾರೆ. ಒಂದೊಂದು ಹರಳಿನಲ್ಲೂ ನೂರಾರು ಮೂಲೆ, ಒಂದೊಂದು ಮೂಲೆಯಲ್ಲೂ ಗುಳ್ಳೆ. ಹಾಲು ಉಕ್ಕಿದರೆ ಒಲೆ ಆರಿಸಬಹುದು. ಇದಕ್ಕೆ ಒಲೆಯೇ ಇಲ್ಲ. ಸಿಹಿ ಬೇಕಿದ್ದರೆ ಸಕ್ಕರೆ ಮತ್ತು ನೀರನ್ನು ಸಮ ಅಳತೆಯಲ್ಲಿ ಬಿಸಿಮಾಡಿ ಕರಗಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟ ಸಿರಪ್ಪನ್ನೇ ಬಳಸಬೇಕು. ಸಕ್ಕರೆಯ ಅಚ್ಚನ್ನೇ ಕೇಳುವ ಹಳೆಯ ಶಾಂಪೇನ್ ಕಾಕ್‌ಟೇಲಿನಲ್ಲಿ ಅಚ್ಚಿಗೆ ಎರಡು ತೊಟ್ಟು ಅಂಗೊಸ್ಟುರಾ ಬಿಟರ್ಸ್ ಎಂಬ ಕಹಿ ಸಾರ ಕುಡಿಸಿ, ಅದನ್ನು ಮೊದಲೇ ತಳದಲ್ಲಿ ಕೂರಿಸಿ, 10 ಮಿಲಿ ಕೊನ್ಯಾಕ್ ಬ್ರಾಂದಿ ಹಾಕಿ, ಆಮೇಲೆ 90 ಮಿಲಿ ವೈನನ್ನು ಎರಡು ಮೂರು ಕಂತಿನಲ್ಲಿ ಇಳಿಸುತ್ತಾರೆ. ತುಂಬಿದ ಗ್ಲಾಸಿಗೆ ಅಚ್ಚು ಎಸೆದರೆ ಅದು ಕಾಕ್‌ಟೇಲ್ ಅಲ್ಲ, ಕಾರಂಜಿ.

ಇನ್ನು ಶೇಕರ್. ಫ್ರೆಂಚ್ 75 ಎನ್ನುವ ಪಾನೀಯಕ್ಕೆ ಆ ಹೆಸರು ಬಂದದ್ದು ಫ್ರಾನ್ಸಿನ ಸೇನೆಯ 1897ರ 75 ಮಿಲಿಮೀಟರ್ ಫಿರಂಗಿಯಿಂದ. 30 ಮಿಲಿ ಜಿನ್, 15 ಮಿಲಿ ನಿಂಬೆರಸ, 15 ಮಿಲಿ ಸಿರಪ್, 60 ಮಿಲಿ ಶಾಂಪೇನ್. ಮೊದಲ ಮೂರನ್ನು ಐಸಿನ ಜೊತೆ ಹತ್ತು ಹನ್ನೆರಡು ಸೆಕೆಂಡು ಶೇಕ್ ಮಾಡಿ, ಗ್ಲಾಸಿಗೆ ಸೋಸಿ, ಮೇಲೆ ಶಾಂಪೇನ್ ಸುರಿಯಬೇಕು. ನಾಲ್ಕನ್ನೂ ಒಟ್ಟಿಗೆ ಶೇಕರಿಗೆ ಹಾಕಿ ಕುಲುಕಿದವರಿಗೆ ಪಾನೀಯಕ್ಕಿಂತ ಮೊದಲು ಫಿರಂಗಿಯ ಅರ್ಥವಾಗುತ್ತದೆ: ಮುಚ್ಚಳ ಒಂದು ದಿಕ್ಕಿಗೆ, ನಿಂಬೆರಸ ಕಣ್ಣಿಗೆ, ಉಳಿದದ್ದು ಗೋಡೆಗೆ. ಇನ್ನೊಂದು ಎಚ್ಚರ. ಇದರ ಒಂದು ಗ್ಲಾಸಿನಲ್ಲಿ ಸುಮಾರು 19 ಮಿಲಿ ಶುದ್ಧ ಆಲ್ಕೋಹಾಲ್ ಇದೆ, ವೈನಿಗೆ ಕಿತ್ತಳೆ ರಸ ಬೆರೆಸಿದ ಮಿಮೋಸಾದಲ್ಲಿ ಇರುವುದು 9. ನೋಡಲು ಎರಡೂ ಒಂದೇ ಥರ ಸಾಧು. ಎರಡನ್ನೂ ಒಂದೇ ಲೆಕ್ಕದಲ್ಲಿ ಕುಡಿದವರು ಮೂರನೆಯ ಗ್ಲಾಸಿನ ಹೊತ್ತಿಗೆ ಹಾಡಲು ಏಳುತ್ತಾರೆ.

ಮಿಮೋಸಾದಲ್ಲಿ ಕೆಡಿಸಲು ಹೆಚ್ಚೇನಿಲ್ಲ: 75 ಮಿಲಿ ವೈನ್, 75 ಮಿಲಿ ಕಿತ್ತಳೆ ರಸ, ಎರಡೂ ತಣ್ಣಗೆ. ವೈನ್ ಮೊದಲು, ರಸ ಆಮೇಲೆ. ರಸ ಭಾರ, ತಾನೇ ಕೆಳಗಿಳಿದು ಬೆರೆಯುತ್ತದೆ. ಚಮಚದಿಂದ ಕಲಕುವ ಚಪಲ ಬೇಡ. ರಸವನ್ನು ಸೋಸದೆ ಹಾಕಿದರೆ ತಿರುಳಿನ ಎಳೆಗಳಿಗೆ ಗುಳ್ಳೆ ಅಂಟಿ, ಮೇಲೆ ಕಿತ್ತಳೆ ಬಣ್ಣದ ಗಡ್ಡ ಬೆಳೆಯುತ್ತದೆ.

ಬೆಲ್ಲಿನಿಯಲ್ಲಿ ಈ ತಿರುಳೇ ನಾಯಕ. ವೆನಿಸಿನ ಹ್ಯಾರೀಸ್ ಬಾರಿನ ಜುಸೆಪ್ಪೆ ಚಿಪ್ರಿಯಾನಿ ಕಟ್ಟಿದ ಪಾಕ: 50 ಮಿಲಿ ಬಿಳಿ ಪೀಚಿನ ತಿರುಳು, 100 ಮಿಲಿ ಪ್ರೊಸೆಕ್ಕೊ. ತಿರುಳು ಐಸಿನಷ್ಟು ತಣ್ಣಗಿರಬೇಕು, ಜರಡಿಯಲ್ಲಿ ಒಮ್ಮೆ ಇಳಿದಿರಬೇಕು. ಮೂರನೇ ಒಂದು ಭಾಗ ವೈನ್ ಸುರಿದು, ನೊರೆ ಇಳಿಯುವವರೆಗೆ ಕಾದು, ಉದ್ದ ಚಮಚವನ್ನು ತಳಕ್ಕಿಳಿಸಿ ಒಮ್ಮೆ ಮೆಲ್ಲಗೆ ಎತ್ತಿ, ಮತ್ತೆ ಸುರಿಯಬೇಕು. ಒಂದು ಬೆಲ್ಲಿನಿಗೆ ಎರಡು ನಿಮಿಷ. ಹತ್ತು ಜನಕ್ಕೆ ಬೆಲ್ಲಿನಿ ಒಪ್ಪಿಕೊಂಡವರು ಹತ್ತನೆಯ ಗ್ಲಾಸು ತುಂಬಿಸುವಾಗ ಮೊದಲನೆಯವರು ಮನೆಗೆ ಹೊರಟಿರುತ್ತಾರೆ.

ಕೀರ್ ರೊಯಾಲ್ ಕೆಡುವುದು ಒಂದೇ ಕಾರಣಕ್ಕೆ: ಉದಾರ ಕೈ. ಕಪ್ಪು ಕರ್ರಂಟ್ ಹಣ್ಣಿನ ಲಿಕರ್ ಕ್ರೆಮ್ ದ ಕಾಸಿಸ್ ಬೇಕಾದದ್ದು 10 ಮಿಲಿ, ಎರಡು ಟೀ ಚಮಚ. ಮೇಲೆ 90 ಮಿಲಿ ಶಾಂಪೇನ್. ಕೈ ಜಾರಿ 30 ಆದರೆ ಕೆಮ್ಮಿಲ್ಲದವರಿಗೂ ಕೆಮ್ಮಿನ ಔಷಧಿ ಕುಡಿಸಿದಂತಾಗುತ್ತದೆ. ಸ್ಪ್ರಿಟ್ಜಿಗೆ 90 ಮಿಲಿ ಪ್ರೊಸೆಕ್ಕೊ, 60 ಮಿಲಿ ಆಪೆರೋಲ್ ಎಂಬ ಕಹಿ-ಸಿಹಿ ಲಿಕರ್, ಒಂದು ಚಿಮ್ಮು ಸೋಡಾ. ಐಸು ಗ್ಲಾಸಿನ ತುಂಬ ಇರಲಿ, ದೊಡ್ಡ ತುಂಡುಗಳಿರಲಿ. ಜಿಪುಣತನದಿಂದ ಎರಡೇ ತುಂಡು ಹಾಕಿದರೆ ಅವು ಬೇಗ ಕರಗಿ ಎಲ್ಲವೂ ನೀರು ನೀರು.

ಇಷ್ಟೆಲ್ಲ ಎಚ್ಚರದ ನಡುವೆಯೂ ಕೈ ತಪ್ಪುವವರಿಗೆ ಒಬ್ಬ ಕುಲದೇವರಿದ್ದಾನೆ. ಮಿಲಾನಿನ ಬಾರ್ ಬಾಸ್ಸೊದಲ್ಲಿ ಮಿರ್ಕೊ ಸ್ಟೊಕ್ಕೆಟ್ಟೊ 1970ರ ದಶಕದ ಆರಂಭದಲ್ಲಿ ಜಿನ್, ಕಂಪಾರಿ, ವರ್ಮೂತ್ ಸೇರುವ ನೆಗ್ರೋನಿ ಮಾಡುವಾಗ ಜಿನ್ನಿನ ಬದಲು ಸ್ಪಾರ್ಕ್ಲಿಂಗ್ ವೈನ್ ಸುರಿದುಬಿಟ್ಟ ಎಂಬುದು ಪ್ರತೀತಿ. ಅದನ್ನು ಚೆಲ್ಲಲಿಲ್ಲ, 'ನೆಗ್ರೋನಿ ಸ್ಬಾಲ್ಯಾತೊ' ಎಂದು ಕೊಟ್ಟರು. ಇಟಾಲಿಯನ್ನಿನಲ್ಲಿ ಸ್ಬಾಲ್ಯಾತೊ ಅಂದರೆ 'ತಪ್ಪಿದ್ದು'. ಕಂಪಾರಿ ಎಂಬ ಕೆಂಪು ಕಹಿ ಲಿಕರ್ 30, ಗಿಡಮೂಲಿಕೆ ಬೆರೆತ ವೈನಾದ ಸಿಹಿ ಕೆಂಪು ವರ್ಮೂತ್ 30, ಸ್ಪಾರ್ಕ್ಲಿಂಗ್ ವೈನ್ 30 ಮಿಲಿ. ಗಿಡ್ಡ ಗ್ಲಾಸಿನಲ್ಲಿ ಐಸು ತುಂಬಿ ಮೊದಲೆರಡನ್ನು ಕಲಕಿ, ವೈನ್ ಕೊನೆಗೆ ಹಾಕಿ, ಕಿತ್ತಳೆಯ ಒಂದು ಹೋಳು. ಕಲಕುವುದೆಲ್ಲ ವೈನ್ ಬೀಳುವ ಮೊದಲೇ ಮುಗಿದಿರುತ್ತದೆ. ಅದಕ್ಕೇ ಮನೆಯಲ್ಲಿ ಮಾಡಲು ಇದರಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಕೆಟ್ಟರೂ ಹೆಸರು ಸರಿಹೊಂದುತ್ತದೆ.

ಕೊನೆಗೆ ಬಾಟಲಿಯಲ್ಲಿ ಕಾಲುಭಾಗ ಉಳಿಯುತ್ತದೆ. ಆಗ ಯಾರಾದರೂ ಒಬ್ಬರು ಬೆಳ್ಳಿಯ ಚಮಚ ತಂದು, ಹಿಡಿಯನ್ನು ಬಾಟಲಿಯ ಬಾಯಿಗೆ ಇಳಿಬಿಟ್ಟು, "ಗ್ಯಾಸು ಹೋಗಲ್ಲ" ಎಂದು ಘೋಷಿಸುತ್ತಾರೆ. 1994ರಲ್ಲಿ ಸ್ಟ್ಯಾನ್‌ಫರ್ಡಿನ ರಸಾಯನಶಾಸ್ತ್ರಜ್ಞ ರಿಚರ್ಡ್ ಝೇರ್ ಮತ್ತು ಅಡುಗೆ ವಿಜ್ಞಾನದ ಲೇಖಕ ಹೆರಾಲ್ಡ್ ಮೆಗೀ ಇದನ್ನು ಪರೀಕ್ಷಿಸಿ ನೋಡಿದರು. ಚಮಚದಿಂದ ಏನೂ ಉಪಯೋಗ ಕಾಣಲಿಲ್ಲ. ಬಾಟಲಿಯನ್ನು ಉಳಿಸುತ್ತಿರುವುದು ಫ್ರಿಜ್ಜಿನ ತಂಪು, ಹೆಸರು ಮಾತ್ರ ಚಮಚಕ್ಕೆ. ಎರಡು ರೆಕ್ಕೆಯಿಂದ ಕುತ್ತಿಗೆಯನ್ನು ಕಚ್ಚಿ ಹಿಡಿಯುವ ಬಿರಡೆ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಹಾಕಿ ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ದಿನ ಗುಳ್ಳೆ ಉಳಿಯುತ್ತದೆ. ಕಿತ್ತ ಕಾರ್ಕನ್ನೇ ಮತ್ತೆ ತುರುಕಲು ಹೋಗಬೇಡಿ. ಅದು ಈಗಾಗಲೇ ಅಣಬೆಯಂತೆ ಅರಳಿರುತ್ತದೆ, ವಾಪಸು ಹೋಗದು.

ಎರಡು ದಿನವೂ ಮರೆತು ವೈನ್ ಸಪ್ಪೆಯಾಯಿತೋ, ಒಂದು ಲೋಟ ವೈನಿಗೆ ಒಂದು ಲೋಟ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಆರಿಸಿ, ಶೀಶೆಯಲ್ಲಿ ತುಂಬಿಡಿ. ಮುಂದಿನ ಫ್ರೆಂಚ್ 75ಕ್ಕೆ 15 ಮಿಲಿ ಸಿರಪ್ ತಯಾರು. ಕಲಕಲು ಆ ಬೆಳ್ಳಿ ಚಮಚವನ್ನೇ ತೆಗೆದುಕೊಳ್ಳಬಹುದು, ಪಾಪ, ಅದಕ್ಕೂ ಒಂದು ಕೆಲಸವಾಯಿತು.