ಬೇಳೆ ಬೆಂದರೆ ಸಾಕೇ?

ನಮ್ಮ ಕಡೆ ಬೋರಲ್ಲಿ ನೀರು ಬಿದ್ದ ಕೂಡಲೇ ಮೊದಲು ಒಂದು ಬೊಗಸೆ ನೀರು ಬಾಯಿಗೆ ಹಾಕಿ ನೋಡುತ್ತಾರೆ. ಸವಳು ಅನ್ನಿಸಿದರೆ ಬಟ್ಟೆಗೆ, ಪಾತ್ರೆಗೆ. ಸಿಹಿ ಇದ್ದರೆ ಕುಡಿಯೋಕೆ. ಆಮೇಲೆ ತೊಗರಿಬೇಳೆ ಬೇಯಿಸುತ್ತಾರೆ. ಬೇಳೆ ಬೆಂದರೆ ನೀರು ಪಾಸ್. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ನಮ್ಮೂರಲ್ಲಿ ನಾನು ಬೆಳೆದದ್ದು ಹೀಗೆ ಪಾಸಾದ ನೀರು ಕುಡಿದೇ.

ಆ ಪರೀಕ್ಷೆ ಸುಳ್ಳಲ್ಲ, ಗಡಸು ನೀರನ್ನು ಹಿಡಿಯುತ್ತದೆ. ಆದರೆ ಆರ್ಸೆನಿಕ್ ಅನ್ನುವ ವಿಷ ಆ ಪರೀಕ್ಷೆಗೆ ಸಿಗಲ್ಲ. ಅದಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಕುದಿಸಿದರೂ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಜಾಸ್ತಿಯೇ ಆಗುತ್ತದೆ. ಈಗ ಎಲ್ಲರೂ ನೀರಲ್ಲಿ ಕರಗಿದ ಲವಣಗಳ ಒಟ್ಟು ಲೆಕ್ಕ ಹೇಳುವ ಟಿಡಿಎಸ್ ಮೀಟರ್ ಅದ್ದಿ ನಂಬರ್ ತೋರಿಸುತ್ತಾರಲ್ಲ, ಅದರಲ್ಲೂ ಇದು ಕಾಣಲ್ಲ. ಒಂದು ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅನ್ನುವ ವಿಷ ಇದು!

ನಮ್ಮ ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಅಲ್ಲಿ ಚಿನ್ನ ಇರುವ ಕಲ್ಲಲ್ಲೇ ಆರ್ಸೆನಿಕ್ ಇರುವ ಖನಿಜವೂ ಇದೆ. ಗಾಳಿ, ನೀರು ತಾಕಿದರೆ ಅದು ಕರಗಿ ಕೆಳಗಿಳಿದು ಬೋರಿನ ನೀರಿಗೆ ಸೇರಬಹುದು. ಪಕ್ಕದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ನೀರಲ್ಲಿ ಆರ್ಸೆನಿಕ್ ಸಿಕ್ಕಿತು, ಜನರ ಚರ್ಮದ ಮೇಲೂ ಅದರ ಗುರುತು ಕಂಡಿತು. ಅಲ್ಲಿಯೂ ಹತ್ತಿರ ಹಳೇ ಚಿನ್ನದ ಗಣಿ ಇತ್ತು.

ವರ್ಷಗಟ್ಟಲೆ ಕುಡಿದರೆ ಅಂಗೈ, ಅಂಗಾಲು ಗಟ್ಟಿಯಾಗಿ ಗಂಟು ಏಳುತ್ತವೆ. ಮೈಮೇಲೆ ಮಳೆಹನಿ ಸಿಡಿದ ಹಾಗೆ ಚುಕ್ಕೆ ಬರುತ್ತವೆ. ಮುಂದೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಕೂಡ ಆಗಬಹುದು. ನಮ್ಮ ದೊಡ್ಡವ್ವನ ಅಂಗಾಲಲ್ಲೂ ಗಂಟುಗಳಿದ್ದವು. "ಬರಿಗಾಲಲ್ಲಿ ದುಡಿದ ಕಾಲು, ಹಂಗೇ ಇರ್ತದ ಬಿಡವ್ವ" ಅಂತ ಹೇಳಿ ಡಾಕ್ಟರ್ ಮುಲಾಮು ಕೊಟ್ಟು ಕಳಿಸಿದರು. ಅದು ಆರ್ಸೆನಿಕ್ಕೇ ಅಂತ ನಾನು ಹೇಳುತ್ತಿಲ್ಲ. ಆದರೆ "ಯಾವ ನೀರು ಕುಡಿತೀಯವ್ವ" ಅಂತ ಒಬ್ಬರೂ ಕೇಳಲಿಲ್ಲ. ಅದು ನನಗೆ ಇವತ್ತಿಗೂ ಸಂಕಟ.

ಬಾಂಗ್ಲಾದೇಶದಲ್ಲಿ ಲಕ್ಷಗಟ್ಟಲೆ ಕೊಳವೆಬಾವಿ ಟೆಸ್ಟ್ ಮಾಡಿ ಬಣ್ಣ ಬಳಿದರು. ಕೆಂಪು ಅಂದರೆ ಕುಡಿಯಬೇಡಿ, ಹಸಿರು ಅಂದರೆ ಕುಡಿಯಬಹುದು. ಓದು ಬಾರದವರಿಗೂ ತಿಳಿಯುತ್ತದೆ. ನಮ್ಮಲ್ಲೂ ಇದೇ ಆಗಬೇಕು. ಊರಿಗೊಂದು ಸ್ಯಾಂಪಲ್ ಒಯ್ದರೆ ಸಾಲದು, ಪ್ರತಿ ಬೋರೂ ಟೆಸ್ಟ್ ಆಗಬೇಕು. ಯಾಕಂದ್ರೆ ನಮ್ಮದು ಕಲ್ಲಿನ ಬಿರುಕಲ್ಲಿ ಹರಿಯುವ ನೀರು. ಒಂದರಲ್ಲಿ ಇದ್ದದ್ದು ಪಕ್ಕದ್ದರಲ್ಲಿ ಇಲ್ಲದೇ ಇರಬಹುದು. ಕೆಂಪು ಬಳಿದ ಬೋರನ್ನು ಮುಚ್ಚಬೇಕಿಲ್ಲ, ಬಟ್ಟೆ ಒಗೆಯೋಕೆ, ಸ್ನಾನಕ್ಕೆ ಆಗುತ್ತದೆ. ಕುಡಿಯೋಕೆ, ಅಡುಗೆಗೆ ಮಾತ್ರ ಬೇಡ.

ಬರುವ ಗ್ರಾಮಸಭೆಯಲ್ಲಿ ನಾನು ಎದ್ದು ಕೇಳುತ್ತೇನೆ: ನಮ್ಮೂರಲ್ಲಿ ಎಷ್ಟು ಬೋರ್ ಇವೆ, ಯಾವುದಕ್ಕೆ ಆರ್ಸೆನಿಕ್ ಟೆಸ್ಟ್ ಆಗಿದೆ, ಎಷ್ಟು ಬಂತು? ಹಟ್ಟಿ, ಮಸ್ಕಿ ಸುತ್ತಲಿನ ಗೆಳೆಯರೇ, ನಿಮ್ಮೂರಲ್ಲೂ ಕೇಳಿ. ಉತ್ತರವನ್ನು ಬರವಣಿಗೆಯಲ್ಲೇ ತಗೊಳ್ಳಿ.