ಬ್ರೇಕ್ ಪ್ಯಾಡ್ ಕೊಳ್ಳುವಾಗ ಬೈಕಿನ ಹೆಸರೊಂದೇ ಸಾಲದು

ಮೋಟಾರ್ ಸೈಕಲ್ಲಿನ ಬ್ರೇಕ್ ಪ್ಯಾಡ್ ಬದಲಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಒಂದೆರಡು ಬೋಲ್ಟ್, ಒಂದೆರಡು ಪಿನ್ ಬಿಚ್ಚಿ ಮತ್ತೆ ಸರಿಯಾಗಿ ಬಿಗಿಯಬಲ್ಲ ಯಾರಾದರೂ ತಾಳ್ಮೆಯಿಂದ ಮಾಡಬಹುದಾದ ಕೆಲಸವದು. ಕಷ್ಟವಿರುವುದು ಅದಕ್ಕೂ ಮುಂಚೆ, ಸರಿಹೊಂದುವ ಪ್ಯಾಡನ್ನು ಆರಿಸುವುದರಲ್ಲಿ. ಯಾವ ಕಂಪನಿಯ ಪ್ಯಾಡ್ ಒಳ್ಳೆಯದು ಎಂದು ಕೇಳುವವರು ಬಹಳ ಮಂದಿ ಇದ್ದಾರೆ. ಚಕ್ರದೊಂದಿಗೆ ತಿರುಗುವ ಡಿಸ್ಕಿಗೆ ಪ್ಯಾಡ್‌ಗಳನ್ನು ಒತ್ತಿ ಹಿಡಿಯುವ ಭಾಗವಾದ ಕ್ಯಾಲಿಪರ್ ತಮ್ಮ ಬೈಕಿನಲ್ಲಿ ಯಾವುದಿದೆಯೆಂದು ನೋಡಿಕೊಳ್ಳುವವರು ವಿರಳ. ಈ ಎರಡನೆಯದು ಗೊತ್ತಾಗುವ ತನಕ ಮೊದಲನೆಯ ಪ್ರಶ್ನೆಯನ್ನು ಕೇಳಿ ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ಯಾಡ್ ಹೊಂದಬೇಕಾದದ್ದು ಬೈಕಿನ ಹೆಸರಿಗಲ್ಲ, ಕ್ಯಾಲಿಪರ್‌ಗೆ. ಒಂದೇ ಹೆಸರಿನ ಬೈಕು ವರ್ಷಗಟ್ಟಲೆ ಮಾರಾಟವಾಗುತ್ತಿರುವಾಗ ತಯಾರಕರು ನಡುವೆ ಕ್ಯಾಲಿಪರ್ ಬದಲಿಸಿರಬಹುದು. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಮಾದರಿಗೂ ಇಲ್ಲದ ಮಾದರಿಗೂ ಬೇರೆ ಬೇರೆ ಕ್ಯಾಲಿಪರ್ ಕೊಟ್ಟಿರಬಹುದು. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ನಿಸ್ಸಿನ್, ಟೊಕಿಕೊ, ಬ್ರೆಂಬೊ ಮತ್ತು ಅದರದ್ದೇ ಬೈಬ್ರೆಯಂಥ ಹೆಸರುಗಳ ಬ್ರೇಕುಗಳು ಹಲವು ಬೈಕ್ ಕಂಪನಿಗಳ ಗಾಡಿಗಳಲ್ಲಿ ಕೂತಿರುವುದರಿಂದ, ಪರಸ್ಪರ ಸಂಬಂಧವೇ ಇಲ್ಲದ ಎರಡು ಬೈಕುಗಳಿಗೆ ಒಂದೇ ಆಕಾರದ ಪ್ಯಾಡ್ ಹಿಡಿಸಬಹುದು. ಆದ್ದರಿಂದ ಅಂಗಡಿಯವರಿಗೆ ಬೈಕಿನ ಹೆಸರು ಹೇಳಿ ಅವರು ಕೊಟ್ಟದ್ದನ್ನು ಜೇಬಿಗಿಳಿಸಿಕೊಂಡು ಬರುವುದು ಒಂದು ರೀತಿಯ ಜೂಜು. ತಯಾರಿಕೆಯ ವರ್ಷ, ಮಾದರಿ, ಮುಂದಿನ ಚಕ್ರವೋ ಹಿಂದಿನದೋ ಎಂಬುದು, ಕೈಪಿಡಿಯಲ್ಲಿರುವ ಬಿಡಿಭಾಗದ ಸಂಖ್ಯೆ, ಇವಿಷ್ಟನ್ನೂ ಬರೆದುಕೊಂಡು ಹೋಗಬೇಕು. ಬಿಚ್ಚಿದ ಹಳೆಯ ಪ್ಯಾಡ್ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು, ಆದರೆ ಅದನ್ನೂ ಕಣ್ಣು ಮುಚ್ಚಿ ನಂಬಬಾರದು, ಏಕೆಂದರೆ ಹಿಂದಿನ ಸಲ ಹಾಕಿದವರು ತಪ್ಪು ಪ್ಯಾಡನ್ನೇ ತುರುಕಿರಬಹುದು.

ಹಳೆಯದನ್ನೂ ಹೊಸದನ್ನೂ ಬೆನ್ನಿಗೆ ಬೆನ್ನು ತಾಗಿಸಿ ಹಿಡಿದಾಗ ಮೊದಲು ನೋಡಬೇಕಾದದ್ದು ಹಿಂಬದಿಯ ಉಕ್ಕಿನ ಫಲಕವನ್ನು. ಘರ್ಷಣೆಯ ಪದರ ಸವೆದು ತೆಳುವಾಗಿರುತ್ತದೆ, ಫಲಕ ಮಾತ್ರ ಬಹುಮಟ್ಟಿಗೆ ಮೊದಲಿನ ಅಳತೆಯಲ್ಲೇ ಉಳಿದಿರುತ್ತದೆ. ಅದರ ದಪ್ಪ, ಪಿನ್ ತೂರುವ ರಂಧ್ರದ ಜಾಗ, ಕ್ಯಾಲಿಪರ್‌ನ ಬ್ರಾಕೆಟ್ಟಿನಲ್ಲಿ ಕೂರುವ ಕಿವಿಗಳ, ಅಂದರೆ ಅಂಚಿನ ಚಾಚುಗಳ ಉದ್ದ, ಇವೆಲ್ಲ ಸಮವಾಗಿರಬೇಕು. ಪ್ಯಾಡನ್ನು ಡಿಸ್ಕಿನತ್ತ ತಳ್ಳುವ ಪಿಸ್ಟನ್ ಒಂದೇ ಕಡೆ ಇದ್ದು ಪಿನ್ನುಗಳ ಮೇಲೆ ಜಾರುವ ಕ್ಯಾಲಿಪರ್‌ಗಳಲ್ಲಿ ಒಳಗಿನ ಮತ್ತು ಹೊರಗಿನ ಪ್ಯಾಡ್‌ಗಳ ಆಕಾರ ಅನೇಕ ಸಲ ಬೇರೆ ಬೇರೆಯಾಗಿರುತ್ತದೆ. ಹಾಗಾಗಿ ಜೋಡಿಯಲ್ಲಿ ಒಂದನ್ನು ಮಾತ್ರ ಹೋಲಿಸಿ ಎರಡೂ ಸರಿಯಿದೆ ಎಂದುಕೊಳ್ಳಬಾರದು.

ಒಂದು ಮಿಲಿಮೀಟರಿನಷ್ಟು ದೊಡ್ಡದಾಯಿತೆಂದು ಫಲಕಕ್ಕೆ ಅರ ಹಾಕಿ ಉಜ್ಜಿ ಕೂರಿಸುವ ಪರಿಪಾಠವನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಕಿವಿಯ ಅಂಚಿನಲ್ಲಿ ದಪ್ಪಗೆ ಅಂಟಿಕೊಂಡ ಬಣ್ಣವನ್ನು ಕೆರೆಯುವುದು ಬೇರೆ, ಉಕ್ಕನ್ನೇ ಕೊರೆಯುವುದು ಬೇರೆ. ಸಡಿಲವಾಗಿ ಕೂತ ಪ್ಯಾಡ್ ಬ್ರೇಕ್ ಹಿಡಿದಾಗಲೆಲ್ಲ ಬ್ರಾಕೆಟ್ಟಿಗೆ ಹೋಗಿ ಬಡಿಯುತ್ತದೆ, ಪಿನ್ನಿನಲ್ಲಿ ಕಚ್ಚು ಬೀಳಿಸುತ್ತದೆ, ಆಮೇಲೆ ಆ ಕಚ್ಚಿನಲ್ಲೇ ಸಿಕ್ಕಿಕೊಂಡು ಹಿಂದಕ್ಕೆ ಸರಿಯದೆ ನಿಲ್ಲುತ್ತದೆ. ಇನ್ನು ಪ್ಯಾಡ್ ಡಿಸ್ಕಿನ ಹೊರ ಅಂಚನ್ನು ದಾಟಿ ಚಾಚಿಕೊಂಡಿದ್ದರೆ, ಡಿಸ್ಕಿಗೆ ತಾಗದ ಆ ಭಾಗ ಸವೆಯದೆ ಏಣಿನಂತೆ ಉಳಿಯುತ್ತದೆ. ಉಳಿದ ಭಾಗ ತೆಳುವಾಗುತ್ತ ಹೋದಂತೆ ಎರಡೂ ಪ್ಯಾಡ್‌ಗಳ ಏಣುಗಳು ಡಿಸ್ಕಿನಾಚೆ ಒಂದಕ್ಕೊಂದು ತಾಗಿ, ಒತ್ತಡವೆಲ್ಲ ಅಲ್ಲೇ ಕಳೆದುಹೋಗುವ ಪರಿಸ್ಥಿತಿ ಬರಬಹುದು.

ಆದರೆ ಹೊಸ ಪ್ಯಾಡ್ ಹಾಕಿದ ಮೇಲೆ ಕ್ಯಾಲಿಪರ್ ಡಿಸ್ಕಿನ ಮೇಲೆ ಕೂರುವುದಿಲ್ಲ ಎಂದ ಮಾತ್ರಕ್ಕೆ ಪ್ಯಾಡನ್ನು ದೂರುವ ಹಾಗೂ ಇಲ್ಲ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬಂದಿರುತ್ತದೆ. ಅದನ್ನು ಪೂರ್ತಿ ಹಿಂದಕ್ಕೆ ತಳ್ಳದೆ ಹೊಸ ದಪ್ಪಕ್ಕೆ ಜಾಗ ಸಿಗುವುದು ಸಾಧ್ಯವಿಲ್ಲ. ತಳ್ಳುವ ಮೊದಲು ಪಿಸ್ಟನ್ನಿನ ಹೊರಗೆ ಕಾಣುವ ಭಾಗಕ್ಕೆ ಮೆತ್ತಿದ ಧೂಳು, ಮಸಿಯನ್ನು ಒರೆಸಿ ತೆಗೆಯಬೇಕು. ಇಲ್ಲವಾದರೆ ಆ ಕೊಳೆ ಸೀಲಿನೊಳಗೆ ಸೇರುತ್ತದೆ. ಬ್ರೇಕ್ ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುವುದು ಆ ರಬ್ಬರ್ ಸೀಲೇ ಆದ್ದರಿಂದ, ಅದು ಕೆಟ್ಟರೆ ಎಷ್ಟು ಉತ್ತಮವಾದ ಪ್ಯಾಡ್ ಹಾಕಿದರೂ ಡಿಸ್ಕಿಗೆ ಉಜ್ಜಿಕೊಂಡೇ ಇರುತ್ತದೆ. ಪಿಸ್ಟನ್ ಹಿಂದೆ ಸರಿದಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ. ಪ್ಯಾಡ್ ಸವೆದು ಮಟ್ಟ ಇಳಿದದ್ದನ್ನು ಕಂಡು ಯಾರೋ ನಡುವೆ ತುಂಬಿಸಿದ್ದರೆ ಈಗ ಅದು ಉಕ್ಕಿ ಟ್ಯಾಂಕಿನ ಮೇಲೆ ಸುರಿಯುವುದು ಖಂಡಿತ, ಸುರಿದ ಕಡೆ ಬಣ್ಣ ಕಿತ್ತು ಬರುವುದೂ ಖಂಡಿತ.

ಆಕಾರ ಹೊಂದಿದ ಮೇಲೆ ಘರ್ಷಣೆಯ ಪದರದ ಪ್ರಶ್ನೆ. ನಾರು ಮತ್ತು ರಾಳ ಬೆರೆತ ಆರ್ಗಾನಿಕ್ ಪ್ಯಾಡ್‌ಗಳು ತಣ್ಣಗಿರುವಾಗಲೂ ಮೃದುವಾಗಿ ಹಿಡಿಯುತ್ತವೆ, ಡಿಸ್ಕನ್ನು ಕಡಿಮೆ ಸವೆಸುತ್ತವೆ, ತಾವು ಮಾತ್ರ ಬೇಗ ಸವೆಯುತ್ತವೆ. ದೀರ್ಘ ಇಳಿಜಾರಿನಲ್ಲಿ ಕಾದಾಗ ಅವುಗಳ ಹಿಡಿತ ಕುಗ್ಗುತ್ತದೆ. ಲೋಹದ ಪುಡಿಯನ್ನು ಶಾಖ ಮತ್ತು ಒತ್ತಡದಲ್ಲಿ ಬೆಸೆದ ಸಿಂಟರ್ಡ್ ಪ್ಯಾಡ್‌ಗಳು ಮಳೆಗೂ ಶಾಖಕ್ಕೂ ಹೆಚ್ಚು ತಡೆದುಕೊಳ್ಳುತ್ತವೆ, ಆದರೆ ಅದಕ್ಕೆಂದೇ ಮಾಡದ ಡಿಸ್ಕನ್ನು, ಅದರಲ್ಲೂ ಹಳೆಯ ಎರಕದ ಕಬ್ಬಿಣದ ಡಿಸ್ಕನ್ನು ಬೇಗನೆ ತಿಂದುಹಾಕುತ್ತವೆ. ಫಲಕದ ಮೇಲೆ ಬರೆದಿರುವ ಎಫ್‌ಎಫ್, ಜಿಜಿ, ಎಚ್‌ಎಚ್ ಎಂಬ ಜೋಡಿ ಅಕ್ಷರಗಳಲ್ಲಿ ಮೊದಲನೆಯದು ಸಾಮಾನ್ಯ ಉಷ್ಣತೆಯ ಹಿಡಿತವನ್ನೂ ಎರಡನೆಯದು ಕಾದಾಗಿನ ಹಿಡಿತವನ್ನೂ ಹೇಳುತ್ತದೆ. ಎಫ್ ಎಂದರೆ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, 0.35ರಿಂದ 0.45, ಜಿ ಎಂದರೆ 0.45ರಿಂದ 0.55, ಎಚ್ ಎಂದರೆ 0.55ಕ್ಕಿಂತ ಹೆಚ್ಚು. ಇವನ್ನು ಪರೀಕ್ಷೆಯ ದರ್ಜೆಗಳಂತೆ ಓದಿ, ಎಲ್ಲರಿಗೂ ಎಚ್‌ಎಚ್ ಬೇಕೆನ್ನುವುದು ನನಗೆ ಸರಿಕಾಣುವುದಿಲ್ಲ. ಈ ಅಳತೆ ಪ್ರಯೋಗಾಲಯದಲ್ಲಿ ಪದರದ ಒಂದು ಚಿಕ್ಕ ತುಣುಕಿನ ಮೇಲೆ ನಡೆಯುವಂಥದ್ದು, ಒಂದೇ ಅಕ್ಷರಗಳಿರುವ ಎರಡು ಪ್ಯಾಡ್‌ಗಳು ರಸ್ತೆಯಲ್ಲಿ ಬೇರೆ ಬೇರೆಯಾಗಿಯೇ ವರ್ತಿಸಬಹುದು. ಎಬಿಎಸ್ ಇಲ್ಲದ ಹಗುರ ಬೈಕಿಗೆ ತಟ್ಟನೆ ಕಚ್ಚುವ ಪ್ಯಾಡ್ ಹಾಕಿದರೆ ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರವೇ ಲಾಕ್ ಆದೀತು. ತಯಾರಕರು ಯಾವ ಬಗೆಯನ್ನು ಹಾಕಿ ಕೊಟ್ಟಿದ್ದಾರೋ ಅದನ್ನೇ ಮುಂದುವರಿಸುವುದು ದಿನಬಳಕೆಗೆ ಸಾಕು. ಬದಲಿಸಬೇಕೆನ್ನುವವರು ಮೊದಲು ಡಿಸ್ಕ್ ಅದಕ್ಕೆ ಒಗ್ಗುತ್ತದೆಯೇ ಎಂದು ವಿಚಾರಿಸಿಕೊಳ್ಳಲಿ.

ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಕೊರೆದಿರುತ್ತಾರೆ. ಅದಕ್ಕಿಂತ ತೆಳುವಾದ ಡಿಸ್ಕಿಗೆ ಹೊಸ ಪ್ಯಾಡ್ ಹಾಕುವುದು ದಂಡ. ಪ್ಯಾಡ್‌ಗಳನ್ನು ಯಾವಾಗಲೂ ಜೋಡಿಯಾಗಿ, ಮುಂದೆ ಎರಡು ಡಿಸ್ಕ್ ಇದ್ದರೆ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು ಎಂಬುದನ್ನು ವಿವರಿಸುವ ಅಗತ್ಯವಿಲ್ಲವೆಂದುಕೊಂಡಿದ್ದೇನೆ.

ಜೋಡಿಸಿದ ಮೇಲೆ ಗಾಡಿಯನ್ನು ಅಲುಗಿಸುವ ಮೊದಲು ಲಿವರನ್ನು ಗಟ್ಟಿಯಾಗುವ ತನಕ ಮತ್ತೆ ಮತ್ತೆ ಒತ್ತಬೇಕು, ಏಕೆಂದರೆ ಹಿಂದೆ ಸರಿದ ಪಿಸ್ಟನ್ ಪ್ಯಾಡನ್ನು ಮುಟ್ಟುವವರೆಗೆ ಆ ಬೈಕಿಗೆ ಬ್ರೇಕೇ ಇರುವುದಿಲ್ಲ. ಕ್ಯಾಲಿಪರ್ ಬಿಚ್ಚಿ ನೇತಾಡುತ್ತಿರುವಾಗ ಮಾತ್ರ ಲಿವರ್ ಮುಟ್ಟಲೇಬಾರದು, ಮುಟ್ಟಿದರೆ ಪಿಸ್ಟನ್ ಹೊರಗೆ ಬಿದ್ದೀತು. ಮೊದಲ ಕೆಲವು ಸವಾರಿಗಳಲ್ಲಿ ಹಿಡಿತ ಮಂದವೆನಿಸುವುದು ಸಹಜ. ಪದರದ ತೆಳು ಲೇಪವೊಂದು ಡಿಸ್ಕಿನ ಮೇಲೆ ಸಮನಾಗಿ ಕೂರಬೇಕಾಗಿರುವುದರಿಂದ, ಮಧ್ಯಮ ವೇಗದಿಂದ ನಿಧಾನವಾಗಿ ಬ್ರೇಕ್ ಹಿಡಿಯುತ್ತ, ನಡುನಡುವೆ ತಣಿಯಲು ಬಿಡುತ್ತ ಓಡಿಸಬೇಕು. ಆ ಬಳಿಕವೂ ಹಿಡಿತ ಬಾರದಿದ್ದರೆ ಇನ್ನೊಂದು ಜೋಡಿ ತರಲು ಓಡಬೇಡಿ. ಪ್ಯಾಡನ್ನು ಬಿಚ್ಚಿ ಮುಖ ನೋಡಿ. ಪೂರ್ತಿ ಗಾಜಿನಂತೆ ಹೊಳೆಯುತ್ತಿದ್ದರೆ ಅತಿಯಾಗಿ ಕಾದಿದೆ ಎಂದರ್ಥ. ಒಂದು ಬದಿ ಮಾತ್ರ ತಾಗಿ ಓರೆಯಾಗಿ ಸವೆದಿದ್ದರೆ, ತುಕ್ಕು ಹಿಡಿದು ಜಾರದೆ ನಿಂತ ಕ್ಯಾಲಿಪರ್ ಪಿನ್ನುಗಳನ್ನು ಶುಚಿಗೊಳಿಸಿ ರಬ್ಬರಿಗೆ ಒಗ್ಗುವ ಗ್ರೀಸ್ ಹಚ್ಚುವುದರಲ್ಲೇ ಬಹುಪಾಲು ಪರಿಹಾರವಿರುತ್ತದೆ.